ಮಡ್ಡಿ ಏರಿದ ಗಾಡಿ

ಪಾಲಾದ ದಿನ ನಮ್ಮ ಪಾಲಿಗೆ ಬಂದದ್ದು ಒಂದು ಮಡ್ಡಿ ಮತ್ತು ಒಂದು ಸತ್ತ ಗಾಡಿ. ಮಡ್ಡಿ ಎಂದರೆ ಟಿಕೋಟಾದಿಂದ ಕನಮಡಿಯ ಕಡೆ ಹೋಗುವ ರಸ್ತೆಯಿಂದ ಒಳಗೆ, ನಮ್ಮ ಮನೆತನದ ದ್ರಾಕ್ಷಿ ತೋಟದ ತಲೆಯ ಮೇಲೆ ಕೂತಂತಿದ್ದ ಕಲ್ಲು ದಿಬ್ಬ. ಕರಿಕಲ್ಲು, ಜಾಲಿ, ಗಾಳಿ ಬಿಟ್ಟರೆ ಅಲ್ಲಿ ಮತ್ತೇನೂ ಇರಲಿಲ್ಲ. ಗಾಡಿ ಎಂದರೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಯಾರೋ ಗುತ್ತಿಗೆದಾರನಿಂದ ಹಳೆಯದಾಗಿ ತಂದು, ರೇಡಿಯೇಟರಿಗೆ ನೀರು ಹಾಕದೆ ಓಡಿಸಿ, ಎಂಜಿನ್ ಹಿಡಿದುಕೊಂಡ ಮೇಲೆ ಬೇವಿನ ಗಿಡದ ಕೆಳಗೆ ಬಿಟ್ಟಿದ್ದ ಉದ್ದ ಮೈಯ ಡೀಸೆಲ್ ಗಾಡಿ. ನಾಲ್ಕೂ ಗಾಲಿಗೆ ಜೋರು ಕೊಡುವ ಇನ್ನೊಂದು ಸಣ್ಣ ಗೇರು ಅದಕ್ಕಿತ್ತು. ಈಗಿನ ಮಕ್ಕಳು ಅಂಥದ್ದನ್ನು ಎಸ್‌ಯುವಿ ಎನ್ನುತ್ತಾರೆ, ಊರವರು ಆಗ ಜೀಪು ಎನ್ನುತ್ತಿದ್ದರು. ನನಗೆ ತಿಳಿವು ಬಂದಾಗಿನಿಂದ ಮಾತ್ರ ಅದು ಕೋಳಿಗೂಡು. ಹಿಂದಿನ ಸೀಟಿನ ಹರಿದ ಸ್ಪಂಜಿನಲ್ಲಿ ಕೋಳಿಗಳು ಕಾವಿಗೆ ಕೂರುತ್ತಿದ್ದವು.

ಪಾಲು ಮಾಡಲು ಬಂದ ಹಿರಿಯರು ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕೂತಿದ್ದರು. ಟಿಕೋಟಾದ ಆ ಮನೆಯಲ್ಲಿ ಪಡಸಾಲೆ ಗಂಡಸರದು, ಅಡುಗೆಮನೆ ಅವ್ವನದು. ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಎರಡರ ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅಲ್ಲಿಂದ ಅವಳಿಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು. ಅವ್ವ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ದೊಡ್ಡಪ್ಪನಿಗೆ ಒಲೆಯಿಂದ ಇಳಿದ ರೊಟ್ಟಿಯೇ ಬೇಕು. ತಾಟಿನಲ್ಲಿ ತುಸು ಆರಿತೆಂದರೆ ಎತ್ತಿ ಅಡುಗೆಮನೆಯ ಬಾಗಿಲಿಗೆ ಎಸೆಯುತ್ತಿದ್ದ. ಹಾಗೆ ಎಸೆದ ರೊಟ್ಟಿಯನ್ನು ಅವ್ವ ಎತ್ತಿ, ಸೆರಗಿನಿಂದ ಒರೆಸಿ, ತನ್ನ ತಾಟಿಗೆ ಇಟ್ಟುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಂಬದ ಹತ್ತಿರ ಕೂತ ಆಯಿಯೂ ನೋಡುತ್ತಿದ್ದಳು. ರಾತ್ರಿ ನಾನು ಮಲಗುತ್ತಿದ್ದುದು ಆಯಿಯ ಕೌದಿಯಲ್ಲೇ. ನನ್ನ ತಲೆಗೆ ಎಣ್ಣೆ ಹಚ್ಚಿ, ನನಗಾಗಿ ಮಡಿಲಲ್ಲಿ ಪುಠಾಣಿ ಬೆಲ್ಲ ಮುಚ್ಚಿಡುತ್ತಿದ್ದವಳೂ ಅವಳೇ. ಅದಕ್ಕೇ ಆ ದಿನದ ಅವಳ ಮೌನ ನನ್ನನ್ನು ಇಷ್ಟು ಸುಟ್ಟದ್ದು.

ತೋಟ, ಬಾವಿ, ಬಾವಿಯ ಕೆಳಗಿನ ಹೊಲ, ಮನೆ, ಎಲ್ಲವೂ ಹಿರಿಯ ಮಗನ ಕಡೆಗೇ ಸರಿಯುತ್ತ ಹೋದವು. ಸಾಲ ತೀರಿಸಿದವನು ನಾನು, ಬಳ್ಳಿ ಹಚ್ಚಿದವನು ನಾನು ಎಂದು ದೊಡ್ಡಪ್ಪ ಹೇಳುತ್ತಲೇ ಇದ್ದ. ಅಪ್ಪ ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಜಗಳವೆಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ನೆಲ ನೋಡುತ್ತ ಕೂತಿದ್ದ. ಕೊನೆಗೆ ಒಬ್ಬ ಹಿರಿಯ, ತಮ್ಮನಿಗೂ ಏನಾದರೂ ಕೊಡಬೇಕಲ್ಲ ಎಂದಾಗ ದೊಡ್ಡಪ್ಪ ಕಾಲು ಚಾಚಿ ಹೇಳಿದ:

"ಮಡ್ಡಿ ಅವಂಗ ಇರಲಿ. ಮಡ್ಡಿ ಏರಾಕ ಗಾಡಿ ಬೇಕಲ್ಲ, ಅದನ್ನೂ ಒಯ್ಯಲಿ."

ಜಮಖಾನೆಯ ಮೇಲಿದ್ದವರು ನಕ್ಕರು. ಒಬ್ಬರು ಆಯಿಯ ಕಡೆ ತಿರುಗಿ, ನೀ ಏನಂತೀಬೇ ಎಂದು ಕೇಳಿದರು. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಜೋಳದಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಆಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಆ ಹಿರಿಯರ ಊಟಕ್ಕೆಂದೇ ಬೆಳಗಿನಿಂದ ಒಲೆಯ ಮುಂದೆ ಇದ್ದವಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆ ಮನೆಯ ಪಡಸಾಲೆಯಲ್ಲಿ ಗಂಡಸರ ಮುಂದೆ ಅವಳು ನಿಂತದ್ದು ಅದೇ ಮೊದಲು.

"ಕೀಲಿಕೈ ಕೊಡ್ರಿ," ಅಂದಳು.

ಮರುದಿನ ಬಬಲೇಶ್ವರದಿಂದ ಶಂಕರಮಾಮಾ ಬಂದ. ಅವ್ವನ ತಮ್ಮ, ಅಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವ ಅಂಗಡಿ ಇಟ್ಟಿದ್ದ. ಅವನ ಗಿರಾಕಿಯೊಬ್ಬ ಓಡಿಸಿಕೊಂಡು ಬಂದ ಟ್ರ್ಯಾಕ್ಟರಿಗೆ ಗಾಡಿಯನ್ನು ಹಗ್ಗದಿಂದ ಕಟ್ಟಿ, ಮಾಮಾ ಸ್ಟೇರಿಂಗ್ ಹಿಡಿದು ಕೂತ. ಹಾಸಿಗೆ, ಪಾತ್ರೆ, ಟ್ರಂಕು ಎಲ್ಲವನ್ನೂ ಒಳಗೆ ತುಂಬಿ, ನಡುವೆ ನನ್ನ ತಮ್ಮನನ್ನು ಕೂರಿಸಿದೆವು. ಅಪ್ಪ, ನಾವು ಬಸ್ಸಿಗೆ ಹೋಗೋಣ, ಜನ ನೋಡುತ್ತಾರೆ ಎಂದ. ಜನ ನೋಡಲಿ ಎಂದೇ ಅವ್ವ ಮುಂದಿನ ಸೀಟಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು. ಟಿಕೋಟಾದ ಬಸ್‌ಸ್ಟ್ಯಾಂಡಿನ ಮುಂದೆ ಚಹದ ಅಂಗಡಿಯವರು, ಕಟ್ಟೆಯ ಮೇಲೆ ಕೂತವರು, ಎಲ್ಲರೂ ನಕ್ಕರು. ಯಾರೋ ಸೀಟಿ ಹೊಡೆದ. ನಾನು ಅವಮಾನದಿಂದ ಮುಖವನ್ನು ಅವ್ವನ ಎದೆಗೆ ಒತ್ತಿಕೊಂಡೆ. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಯಾರ್‍ಯಾರು ನಗಾಕತ್ತಾರ, ನೋಡಿಟ್ಕೋ."

ನಾನು ನೋಡಿಟ್ಟುಕೊಂಡೆ. ಅವರಲ್ಲಿ ಕೆಲವರು ಈಗಿಲ್ಲ. ಇದ್ದವರು ಮದುವೆ ಮುಂಜಿಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು, ಎಷ್ಟು ದೊಡ್ಡಾಕಿ ಆಗಿದಿ ಎನ್ನುತ್ತಾರೆ. ನಾನು ನಗುತ್ತೇನೆ. ಯಾರು ಎಲ್ಲಿ ಕೂತಿದ್ದರು ಎಂಬುದು ನನಗೆ ನೆನಪಿದೆ.

ವಿಜಯಪುರದಲ್ಲಿ ನಮಗೆ ಸಿಕ್ಕ ಬಾಡಿಗೆ ಮನೆ ಇಟ್ಟಂಗಿಹಾಳ ರಸ್ತೆಯ ಕಡೆ, ಊರು ಮುಗಿಯುವಲ್ಲಿ. ಎರಡು ಖೋಲಿ, ಮೇಲೆ ತಗಡು. ಬೇಸಿಗೆಯಲ್ಲಿ ತಗಡು ಕಾದು ಟಣ್ ಟಣ್ ಎನ್ನುತ್ತಿತ್ತು. ಮುಂದಿನ ಖೋಲಿಯಲ್ಲಿ ಅಪ್ಪನ ಬಣ್ಣದ ಡಬ್ಬಿಗಳು, ನನ್ನ ಮತ್ತು ತಮ್ಮನ ಪಾಟಿಚೀಲ, ರಾತ್ರಿ ನಾಲ್ವರ ಹಾಸಿಗೆ. ಹಿಂದಿನ ಖೋಲಿ ಪೂರ್ತಿ ಒಲೆ ಮತ್ತು ರೊಟ್ಟಿ. ಅವ್ವ ಪೇಟೆಯ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿ ಕೊಡಲು ಶುರು ಮಾಡಿದ್ದಳು. ನಮಗೆ ಎಚ್ಚರವಾಗುತ್ತಿದ್ದುದೇ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ. ಬಡಿಯುತ್ತಲೇ ಅವಳು ಟಿಕೋಟಾದ ಒಂದೊಂದು ಮಾತನ್ನು ಎತ್ತಿಕೊಳ್ಳುತ್ತಿದ್ದಳು. ಬಾಣಂತನದಲ್ಲಿ ಯಾರು ಎಣ್ಣೆ ಕೊಡಲಿಲ್ಲ, ಪಂಚಮಿಗೆ ತವರಿಗೆ ಹೋಗುವಾಗ ಯಾರು ಚೀಲ ಬಿಚ್ಚಿ ನೋಡಿದರು, ಇಂಥವು. ಅಳುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ತಾಯಂದಿರು ಹಾಡು ಹೇಳುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಇದು ನಡೆಯುತ್ತಿತ್ತು. ನನಗೂ ತಮ್ಮನಿಗೂ ಅವೆಲ್ಲ ಬಾಯಿಪಾಠವಾಗಿದ್ದವು. ಕೆಲವೊಮ್ಮೆ ಅವ್ವ ಒಂದನ್ನು ಬಿಟ್ಟರೆ ತಮ್ಮ ನೆನಪು ಮಾಡಿಕೊಡುತ್ತಿದ್ದ.

ಗಾಡಿ ಮನೆಯ ಪಕ್ಕದ ಖುಲ್ಲಾ ಜಾಗದಲ್ಲಿ ನಿಂತಿತ್ತು. ಅಪ್ಪನಿಗೆ ಅದನ್ನು ಗುಜರಿಗೆ ಹಾಕುವ ಮನಸ್ಸು. ಒಂದು ಭಾನುವಾರ ಗುಜರಿಯವನನ್ನು ಕರೆದುಕೊಂಡೇ ಬಂದ. ಅವ್ವ ಎದ್ದು ಹೋಗಿ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡಳು. ಆ ಬಿಸಿಲಲ್ಲಿ, ಗಾಜು ಏರಿಸಿಕೊಂಡು, ಸ್ಟೇರಿಂಗ್ ಹಿಡಿದುಕೊಂಡು ಕೂತುಬಿಟ್ಟಳು. ಗುಜರಿಯವನು ಸುತ್ತ ಒಂದು ಸಲ ಅಡ್ಡಾಡಿ, ಮಾಸ್ತರ ಮೊದಲ ಮನೀ ಮಂದಿನ್ನ ಕೇಳ್ರಿ ಎಂದು ಹೇಳಿ ಹೋದ. ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮುಂದಿನ ಅಮವಾಸ್ಯೆಗೆ ಅವ್ವ ಗಾಡಿಯನ್ನು ತೊಳೆದು, ಕೋಳಿಯ ಹಿಕ್ಕೆಯನ್ನೆಲ್ಲ ಕೆರೆದು, ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಓಡದ ಗಾಡಿಗೆ ಪೂಜೆ ಎಂದು ಓಣಿಯವರು ನಕ್ಕರು. ಅವರನ್ನೂ ನೋಡಿಟ್ಟುಕೊಂಡೆವು.

ರಿಪೇರಿಗೆ ಎರಡು ಬೇಸಿಗೆ ಹಿಡಿಯಿತು. ಶಂಕರಮಾಮಾ ರಜೆಯ ದಿನ ಬಬಲೇಶ್ವರದಿಂದ ಮೋಟಾರ್‌ಸೈಕಲ್ಲಿನ ಮೇಲೆ ಬರುತ್ತಿದ್ದ. ಅವನಿಗೆ ಕಬ್ಬಿಣ ಗೊತ್ತಿತ್ತು, ಎಂಜಿನ್ ಅಷ್ಟಾಗಿ ಗೊತ್ತಿರಲಿಲ್ಲ; ಆದರೆ ಅಕ್ಕನ ಮುಂದೆ ಹಾಗೆನ್ನುವ ಧೈರ್ಯವೂ ಇರಲಿಲ್ಲ. ಎಂಜಿನ್ ಬಿಚ್ಚಿ ಪೇಟೆಗೆ ಒಯ್ದು ಲೈನರ್, ಪಿಸ್ಟನ್ ಹೊಸವು ಹಾಕಿಸಿದ. ಕೂಡಿಸುವಾಗ ಏನೋ ತಪ್ಪಿ, ಮೊದಲ ಸಲ ಚಾಲೂ ಮಾಡಿದಾಗ ಕರೀ ಹೊಗೆ ಬಂದು ಪಕ್ಕದವರ ಹಪ್ಪಳ, ಸಂಡಿಗೆಗಳೆಲ್ಲ ಮಸಿಯಾದವು. ಅವ್ವ ಅವರಿಗೆ ಬೇರೆ ಹಪ್ಪಳ ಮಾಡಿಕೊಟ್ಟಳು. ಮಾಮಾ ಮತ್ತೆ ಎಲ್ಲ ಬಿಚ್ಚಿದ. ಹೀಗೆ ಬಿಚ್ಚುವುದು ಕೂಡಿಸುವುದರಲ್ಲಿ ನಮ್ಮ ಬಾಲ್ಯ ಹೋಯಿತು. ನಟ್ಟುಗಳನ್ನು ಡೀಸೆಲ್‌ನಲ್ಲಿ ತೊಳೆದು ಹಳೆಯ ಕುಪ್ಪಸದ ಬಟ್ಟೆಯಿಂದ ಒರೆಸುವುದು ನನ್ನ ಕೆಲಸ. ನನ್ನ ಕೈಯ ಡೀಸೆಲ್ ವಾಸನೆಗೆ ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಅದನ್ನು ಹೇಳಿದಾಗ ಅವ್ವ, ಕೂರದವರ ಹೆಸರು ಕೇಳಿದಳು.

ಎಂಜಿನ್ ಕೂಗಿದ ಮೇಲೆ ಅವ್ವನ ಮನಸ್ಸು ಬೆಳೆಯಿತು. ಗಾಡಿ ಓಡಿದರೆ ಸಾಲದು, ಅದರಲ್ಲಿ ಉಣ್ಣಬೇಕು, ಮಲಗಬೇಕು, ಮಡ್ಡಿಯ ಮೇಲೆ ಬೇಕಾದಷ್ಟು ದಿನ ಇರಬೇಕು. ಟಿಕೋಟಾದ ಮನೆಯಲ್ಲಿ ಎಳ್ಳಮವಾಸ್ಯೆಗೆ ಎಲ್ಲರೂ ತೋಟಕ್ಕೆ ಚರಗ ಚೆಲ್ಲಲು, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆಂದು ಕೂಗುತ್ತ ಬೀರಲು, ಹೋಗಿ ಅಲ್ಲೇ ಉಂಡು ಸಂಜೆಗೆ ಮರಳುತ್ತಿದ್ದೆವು. ನಮ್ಮ ವರ್ಷದ ಸಂಭ್ರಮವೆಂದರೆ ಅದು. ಈಗ ನಮಗೆ ತೋಟವಿಲ್ಲ. ಇರುವುದು ತೋಟವನ್ನು ಮೇಲಿನಿಂದ ನೋಡುವ ಮಡ್ಡಿ. ಅವ್ವ ಹೇಳುತ್ತ ಹೋದಳು, ಅಪ್ಪ ಕಾಗದದ ಮೇಲೆ ಬರೆಯುತ್ತ ಹೋದ. ಮೊದಮೊದಲು ಗೊಣಗುತ್ತ ಬರೆದ, ಆಮೇಲೆ ಅವನಿಗೂ ರುಚಿ ಹತ್ತಿತು. ಹಿಂದಿನ ಬಾಗಿಲು ಕೆಳಗೆ ಮಡಚಿದರೆ ಅಡುಗೆಯ ಕಟ್ಟೆಯಾಗುವಂತೆ ಮಾಮಾ ಬೆಸುಗೆ ಹಾಕಿದ. ಅದರ ಹಿಂದೆ ಸಣ್ಣ ಸಿಲಿಂಡರಿನ ಒಲೆ, ನಳ ಹಚ್ಚಿದ ನೀರಿನ ಡ್ರಮ್ಮು, ಖಾರದ ಡಬ್ಬಿಗಳು ಉರುಳದಂತೆ ಪಟ್ಟಿ. ಸೀಟು ಮಡಚಿ ಮೇಲೆ ಹಲಗೆ ಹಾಸಿದರೆ ಇಬ್ಬರು, ಒತ್ತಿಕೊಂಡರೆ ನಾಲ್ವರು ಮಲಗುವ ಮಂಚ. ಟಾಪಿನ ಮೇಲೆ ಕ್ಯಾರಿಯರು, ಅದಕ್ಕೆ ಸುತ್ತಿದ ತಾಡಪತ್ರಿ. ಎಳೆದು ಎರಡು ಕೋಲು ಊರಿದರೆ ಚಪ್ಪರ. ಕಿಟಕಿಗಳಿಗೆ ಸೊಳ್ಳೆಯ ಜಾಳಿಗೆ. ಮಡ್ಡಿಯ ಕಲ್ಲಿಗೆಂದು ದಪ್ಪ ಹಲ್ಲಿನ ಟೈರು, ಗಾಡಿ ಎತ್ತರವಾಗಲೆಂದು ಹೊಸ ಕಮಾನುಪಟ್ಟಿ. ಇನ್ನೊಬ್ಬರು ಕಟ್ಟಿದ ಅಡುಗೆಮನೆಯಲ್ಲೇ ಜೀವನ ಕಳೆದ ಅವ್ವ ತನ್ನ ಎತ್ತರಕ್ಕೆ ತಕ್ಕಂತೆ ಕಟ್ಟೆ ಮಾಡಿಸಿಕೊಂಡದ್ದು ಅದೊಂದೇ. ಬಣ್ಣ ಯಾವುದು ಎಂದು ಬಂದಾಗ ಅಪ್ಪ ಬೂದಿ ಬಣ್ಣ ಚೆನ್ನ, ಧೂಳು ಕಾಣುವುದಿಲ್ಲ ಎಂದ. ಅವ್ವ ಅರಿಷಿಣ ಹಳದಿ ಬೇಕೆಂದಳು. ಕೆಳಗಿನ ತೋಟದಿಂದ ಕಾಣಬೇಕು ಎಂಬುದು ಅವಳ ಒಂದೇ ಕಾರಣ.

ಓಡಿಸುವುದನ್ನು ಅವ್ವನೇ ಕಲಿತಳು. ಅಪ್ಪನಿಗೆ ಸ್ಟೇರಿಂಗ್ ಮುಟ್ಟಿದರೆ ಬೆವರು. ಕಾಖಂಡಕಿಯ ಕಡೆಯ ಖಾಲಿ ರಸ್ತೆಯಲ್ಲಿ ಮಾಮಾ ಅವಳಿಗೆ ಕ್ಲಚ್ಚು, ಗೇರು ಹೇಳಿಕೊಟ್ಟ. ಸೀರೆಯ ನೆರಿಗೆಯನ್ನು ಮೊಳಕಾಲಿನ ಕೆಳಗೆ ಸಿಕ್ಕಿಸಿಕೊಂಡು ಅವಳು ಎಕ್ಸಿಲರೇಟರ್ ಒತ್ತಿದಾಗ ಎದುರಿಗೆ ಬಂದ ಎತ್ತಿನ ಗಾಡಿಯವನು ಎತ್ತುಗಳನ್ನು ಹೊಲಕ್ಕೇ ಇಳಿಸಿದ. ಲೈಸೆನ್ಸ್ ಕೈಗೆ ಬಂದ ವಾರವೇ ಮಮದಾಪುರದ ಕೆರೆಗೆ ಹೋಗಿ ಮೊದಲ ಬಾರಿಗೆ ಗಾಡಿಯಲ್ಲಿ ಮಲಗಿದೆವು. ಸಂಜೆ ಹಿಂದಿನ ಬಾಗಿಲ ಕಟ್ಟೆಯ ಮೇಲೆ ಅವ್ವ ಕಡಲೆಹಿಟ್ಟಿನ ಜುಣಕ ಮಾಡಿದಳು, ಅಪ್ಪ ಉಳ್ಳಾಗಡ್ಡಿ ಹೆಚ್ಚಿದ. ನಾಲ್ವರೂ ಒಟ್ಟಿಗೆ ಕೂತು ಉಂಡೆವು. ಅವ್ವ ಎಲ್ಲರ ಜೊತೆಗೇ ತಾಟು ಹಚ್ಚಿಕೊಂಡದ್ದನ್ನು ನಾನು ಅಲ್ಲಿ ಗಮನಿಸಿದೆ. ಬೆಳಿಗ್ಗೆ ಜಾಳಿಗೆಯ ಆಚೆ ನೀರಿನ ಮೇಲೆ ಬೆಳ್ಳಕ್ಕಿಗಳು. ನಮ್ಮ ಸಂತೋಷವೆಲ್ಲ ಹಟದಿಂದಲೇ ಹುಟ್ಟಿದ್ದು. ಆದರೂ ಸಂತೋಷ ಸಂತೋಷವೇ ಆಗಿತ್ತು.

ಆ ವರ್ಷದ ಎಳ್ಳಮವಾಸ್ಯೆಗೆ ಮಡ್ಡಿ ಏರಿದೆವು. ಏರುವ ಮೊದಲು ಟಿಕೋಟಾದ ಹಳೆಯ ಮನೆಯ ಮುಂದೆ ಹಾಯಬೇಕು. ಅವ್ವ ಅಲ್ಲಿಗೆ ಬಂದಾಗ ಗೇರು ಇಳಿಸಿ, ಗಾಡಿಯನ್ನು ನಡಿಗೆಯ ವೇಗಕ್ಕೆ ತಂದಳು. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ನಿಂತು ಸೆರಗು ತಲೆಗೆ ಎಳೆದುಕೊಂಡಳು. ಅವ್ವ ನಿಲ್ಲಿಸಲಿಲ್ಲ. ಹಿಂದಿನ ಗಾಜಿನಲ್ಲಿ ಆಯಿ ಸಣ್ಣದಾಗುವವರೆಗೂ ನಾನು ನೋಡುತ್ತಿದ್ದೆ. ಕೈ ಎತ್ತಬೇಕೆನ್ನಿಸಿತು, ಎತ್ತಲಿಲ್ಲ. ಮಡ್ಡಿಯ ಬುಡದಲ್ಲಿ ಅವ್ವ ಸಣ್ಣ ಗೇರಿಗೆ ಹಾಕಿದಳು. ಕಲ್ಲುಗಳು ಗಾಲಿಯಡಿ ಕಟಕಟ ಎನ್ನುತ್ತಿರಲು ಗಾಡಿ ಒಂದೇ ದಮ್ಮಿಗೆ ಮೇಲೆ ನಿಂತಿತು. ಕೆಳಗೆ ದೊಡ್ಡಪ್ಪನ ಮನೆಯವರು ಬಳ್ಳಿಗಳ ನಡುವೆ ಚರಗ ಚೆಲ್ಲುತ್ತ ಕೂಗುತ್ತಿದ್ದವರು ಕೂಗು ನಿಲ್ಲಿಸಿ ತಲೆ ಎತ್ತಿದರು. ನಾವು ತಾಡಪತ್ರಿ ಎಳೆದು, ಸಜ್ಜಿ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ ಬಿಚ್ಚಿ, ಅವರಿಗೆ ಮುಖ ಮಾಡಿ ಕೂತು ನಿಧಾನವಾಗಿ ಉಂಡೆವು. ಅದಾದ ಮೇಲೆ ರಜೆ ಸಿಕ್ಕಾಗಲೆಲ್ಲ ಅದೇ ದಾರಿ, ಅದೇ ನಿಧಾನ, ಅದೇ ಕಟ್ಟೆ. ಆಯಿ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದಳು. ಓಣಿಯ ಮಕ್ಕಳು, ಬಸ್ಸು ತಪ್ಪಿಸಿಕೊಂಡ ಗುರುತಿಲ್ಲದ ಹೆಂಗಸರು, ಯಾರು ಕೈ ಮಾಡಿದರೂ ಅವ್ವ ಹತ್ತಿಸಿಕೊಳ್ಳುತ್ತಿದ್ದಳು. ಆಯಿಯನ್ನು ಮಾತ್ರ ಕರೆಯಲಿಲ್ಲ.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಆಯಿ ಕಟ್ಟೆಯ ಮೇಲಿರಲಿಲ್ಲ. ರಸ್ತೆಯ ನಡುವೆ ಕೋಲು ಊರಿಕೊಂಡು ನಿಂತಿದ್ದಳು. ಅವ್ವ ಹಾರ್ನ್ ಹೊಡೆದಳು. ಆಯಿ ಸರಿಯಲಿಲ್ಲ. ಬ್ರೇಕು ಹಾಕಲೇಬೇಕಾಯಿತು. ಅಪ್ಪ ಇಳಿದು ಹೋಗಿ ತಾಯಿಯ ಕೈ ಹಿಡಿದ. ಅವ್ವ ಮುಂದೆ ನೋಡುತ್ತಲೇ, ಮುಂದಿನ ಸೀಟಿಗೆ ಕೂಡಿಸ್ರಿ ಎಂದಳು. ನನಗೆ ಆದ ಖುಷಿ ಹೇಳತೀರದು. ಮಡ್ಡಿಯ ಮೇಲೆ ಅವ್ವ ಆಯಿಗೆ ಕುರ್ಚಿ ಹಾಕಿ, ಕೈಗೆ ನೀರು ಕೊಟ್ಟು, ಮೊದಲು ಅವಳಿಗೇ ಬಡಿಸಿದಳು. ಆಯಿ ಮಂಚ, ನಳ, ಜಾಳಿಗೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ನಾನು ಅವಳ ತೊಡೆಗೆ ಅಂಟಿಕೊಂಡೇ ಕೂತಿದ್ದೆ. ನಮ್ಮ ಆಯಿ ನಮ್ಮ ಕಡೆ ಬಂದಳು ಎಂದು ತಮ್ಮನ ಕಿವಿಯಲ್ಲಿ ಹೇಳಿದೆ. ಊಟ ಮುಗಿದ ಮೇಲೆ ಆಯಿ ಬಾಯಿ ಒರೆಸಿಕೊಂಡು, ಅವ್ವನ ಕಡೆ ತಿರುಗಿ ಮಾತು ತೆಗೆದಳು.

"ಕಸ್ತೂರಿ, ದೊಡ್ಡಾಂವ ಕಳಿಸ್ಯಾನ. ಈ ಮಡ್ಡಿ ಬಿಟ್ಟುಕೊಡ್ರಿ ಅಂದಾನ. ಬಾವಿ ಕೆಳಗಿನ ಹೊಲಾ ನಿಮಗ ಬರಕೊಡತಾನಂತ."

ವಿಷಯ ಇಷ್ಟೇ. ದ್ರಾಕ್ಷಿಯನ್ನು ಹಸಿಯಾಗಿ ಮಾರುವುದಕ್ಕಿಂತ ಒಣಗಿಸಿ ಮಾರುವುದು ಒಳ್ಳೆಯದೆಂದು ದೊಡ್ಡಪ್ಪನಿಗೆ ಹೊಳೆದಿತ್ತು. ಒಣಗಿಸುವ ಶೆಡ್ಡಿಗೆ ಬೇಕಾದದ್ದು ಗಾಳಿ. ಇಡೀ ಸೀಮೆಯಲ್ಲಿ ತಡೆಯಿಲ್ಲದ ಗಾಳಿ ಇದ್ದದ್ದು ಅವನು ನಕ್ಕು ಕೊಟ್ಟ ಮಡ್ಡಿಯ ಮೇಲೆ. ನಾನು ಆಯಿಯ ತೊಡೆ ಬಿಟ್ಟು ಎದ್ದು ಗಾಡಿಯ ಆಚೆ ಹೋಗಿ ಕೂತೆ. ಅವಳು ನನಗಾಗಿ ರಸ್ತೆಯಲ್ಲಿ ನಿಂತಿರಲಿಲ್ಲ. ಅಪ್ಪನ ಮುಖ ಮಾತ್ರ ಅರಳಿತ್ತು. ನೀರಾವರಿ ಹೊಲ ಎಂದರೆ ನಮಗೆ ಬದುಕು. ತಗಡಿನ ಮನೆ ಬಿಡಬಹುದು, ಅವ್ವನ ರೊಟ್ಟಿ ಬಡಿತ ನಿಲ್ಲಬಹುದು. ಅವನು ಹಾಗೆ ಹೇಳಿದ ಕೂಡ. ಅವ್ವ ತಾಟುಗಳನ್ನು ತೊಳೆದು ಪಟ್ಟಿಯೊಳಗೆ ಜೋಡಿಸಿ ಮುಗಿಸಿದಳು. ಆಮೇಲೆ, ಭಾವಾರು ಇಲ್ಲಿಗೆ ಬಂದು ಕೇಳಲಿ ಎಂದಳು. ಗಾಡಿ ಕಳಿಸುವುದಿಲ್ಲ, ನಡೆದು ಬರಲಿ. ಅಷ್ಟಕ್ಕೇ ಆಗಿಬಿಡುತ್ತದೆ ಎಂದು ಅಪ್ಪ ನಂಬಿದ. ಆ ವಾರವೆಲ್ಲ ಹೊಲದಲ್ಲಿ ಏನು ಬಿತ್ತಬೇಕೆಂದು ನಮ್ಮ ಮುಂದೆ ಹೇಳುತ್ತಲೇ ಇದ್ದ.

ಮುಂದಿನ ಅಮವಾಸ್ಯೆಯ ಮಧ್ಯಾಹ್ನ ದೊಡ್ಡಪ್ಪ ಬಂದ. ಬಿಳಿ ಧೋತರ, ಕೈಯಲ್ಲಿ ಮೊಬೈಲು. ಕಲ್ಲಿನಲ್ಲಿ ಜಾರಿ, ಜಾಲಿಗೆ ಧೋತರ ಸಿಕ್ಕಿ, ನಿಂತು ನಿಂತು ಏರಿದ. ಹಿಂದೆ ಕೋಲೂರಿಕೊಂಡು ಆಯಿ. ಅಪ್ಪ ಕೆಳಗೆ ಓಡಿ ತಾಯಿಗೆ ಕೈ ಕೊಟ್ಟ. ಅಣ್ಣನಿಗೂ ಚಾಚಿದ, ಅಣ್ಣ ಅದನ್ನು ನೋಡದವನಂತೆ ದಾಟಿ ಬಂದ. ಅವ್ವ ಕುರ್ಚಿ ಹಾಕಿದಳು, ಕಟ್ಟೆಯ ಮೇಲೆ ಒಲೆ ಹಚ್ಚಿ ಏಲಕ್ಕಿ ಹಾಕಿ ಚಹ ಮಾಡಿದಳು. ಅವನು ಉಸಿರು ತಂದುಕೊಂಡು, ಕಪ್ಪು ಖಾಲಿ ಮಾಡುವವರೆಗೂ ಕಾದಳು. ದೊಡ್ಡಪ್ಪ ಕೇಳಿದ ರೀತಿ ಕೇಳುವವನದಲ್ಲ. ಒಂದೇ ರಕ್ತ, ಇದು ಎಲ್ಲ ನಮ್ಮದೇ, ಕೆಳಗೆ ಪೇಟೆಯಿಂದ ವ್ಯಾಪಾರಸ್ಥರು ಬಂದಿದ್ದಾರೆ, ಶೆಡ್ಡಿನ ಜಾಗ ತೋರಿಸುತ್ತೇನೆ ಎಂದು ಅವರಿಗೆ ಹೇಳಿಯಾಗಿದೆ, ನೀವು ಹೂಂ ಅಂದರೆ ನಾಳೆಯೇ ಕೆಲಸ ಹಚ್ಚುತ್ತೇನೆ ಎಂದ. ಎಲ್ಲವನ್ನೂ ಅವ್ವ ಕೇಳಿಸಿಕೊಂಡಳು. ಅಪ್ಪ ತಲೆ ಆಡಿಸುತ್ತ ಅವಳ ಮುಖವನ್ನೇ ನೋಡುತ್ತಿದ್ದ.

"ಇಲ್ಲರಿ," ಅಂದಳು ಅವ್ವ.

ದೊಡ್ಡಪ್ಪನಿಗೆ ತಿಳಿಯಲಿಲ್ಲ. ಅವ್ವ ಅವನ ಕೈಯಿಂದ ಕಪ್ಪು ತೆಗೆದುಕೊಂಡು ನಳದ ಕೆಳಗೆ ತೊಳೆಯತೊಡಗಿದಳು.

"ಕೊಡಂಗಿಲ್ಲರಿ ಭಾವಾರ. ಇಲ್ಲಿ ನಾವು ಉಣ್ತೇವಿ, ಮಲಗ್ತೇವಿ. ಹೊಲಾ ನೀವ ಇಟ್ಕೋರಿ."

ಗಾಳಿ ತಾಡಪತ್ರಿಯನ್ನು ಪಟಪಟ ಬಡಿಯುತ್ತಿತ್ತು. ದೊಡ್ಡಪ್ಪ ಎದ್ದು, ತಮ್ಮನ ಕಡೆ ತಿರುಗಿ, ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ಟವನ ಹಣೆಬರಹ ಇಷ್ಟೇ ಎಂದ. ಅಪ್ಪನಿಗೆ ಅಣ್ಣನ ಮೇಲಲ್ಲ, ಅವ್ವನ ಮೇಲೆ ಸಿಟ್ಟು ಬಂದಿತ್ತು. ಅದು ನನಗೆ ಕಾಣುತ್ತಿತ್ತು. ಆಗ ಆಯಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ಮೈ ಕುಲುಕುವಂತೆ. ದೊಡ್ಡಪ್ಪ ಅವಳನ್ನು ಗದರಿಸಿದ. ಅವಳು ಕಣ್ಣು ಒರೆಸಿಕೊಂಡು ಅಪ್ಪನಿಗೆ ಹೇಳಿದಳು:

"ಹೊಲಾ ಕೊಡ್ತಾನ, ಬಾವಿ ನೀರು ಕೊಡಂಗಿಲ್ಲಂತ. ಮನ್ಯಾಗ ಮಾತಾಡಾಕತ್ತಿದ್ದ. ನೀ ಬಾಯಿ ಬಿಡಬ್ಯಾಡ ಅಂದಿದ್ದ ನನಗ."

ದೊಡ್ಡಪ್ಪ ಅಲ್ಲಗಳೆಯಲಿಲ್ಲ. ಮಡ್ಡಿಯಿಂದ ಇಳಿಯತೊಡಗಿದ. ಇಳಿಜಾರಿನಲ್ಲಿ ಅವನ ಕಾಲು ಜಾರುತ್ತಿತ್ತು. ಆಯಿ ಎದ್ದು, ತಾನೇ ಅವನ ತೋಳು ಹಿಡಿದು ಇಳಿಸಿಕೊಂಡು ಹೋದಳು. ಅವಳು ಉಣ್ಣಬೇಕಾದದ್ದು ಆ ಮನೆಯಲ್ಲೇ ಅಲ್ಲವೇ. ಹೋಗುತ್ತ ಹೋಗುತ್ತಲೂ ಅವಳ ಬೆನ್ನು ನಗುವಿನಿಂದ ಕುಲುಕುತ್ತಿತ್ತು. ಅವ್ವ ಅವಳನ್ನು ಕ್ಷಮಿಸಿದಳೆಂದು ನಾನು ಹೇಳಲಾರೆ. ಆದರೆ ಅದಾದ ಮೇಲೆ ಆ ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಳು. ಆಯಿ ಕೋಲು ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಇಬ್ಬರೂ ಮಡ್ಡಿಯವರೆಗೆ ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಹಿಂದಿನಿಂದ ಆಯಿಯ ಜಡೆ ಹಿಡಿದು ಆಡುತ್ತಿದ್ದೆ, ಆದರೆ ಅವಳ ಕೌದಿಯಲ್ಲಿ ಮತ್ತೆಂದೂ ಮಲಗಲಿಲ್ಲ.

ದೊಡ್ಡಪ್ಪನ ಶೆಡ್ಡಿನ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವನು ತೋಟದ ತಗ್ಗಿನಲ್ಲೇ ಶೆಡ್ಡು ಹಾಕಿಸಿದ. ಅಲ್ಲಿ ಗಾಳಿ ಆಡುವುದಿಲ್ಲ. ಹಣ್ಣು ಒಣಗುವುದು ತಡವಾಗಿ, ಆ ಹೊತ್ತಿಗೆ ಸರಿಯಾಗಿ ಅಕಾಲದ ಮಳೆ ಬಂದು ದ್ರಾಕ್ಷಿಯೆಲ್ಲ ಕಪ್ಪಾಯಿತು. ಸುದ್ದಿ ತಂದ ಶಂಕರಮಾಮಾ ಅಯ್ಯೋ ಪಾಪ ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಅಂದು ಹಬ್ಬವಿರಲಿಲ್ಲ, ಆದರೂ ಸಂಜೆ ಹೋಳಿಗೆ ಮಾಡಿದಳು. ನಾವು ತುಪ್ಪ ಸುರಿದುಕೊಂಡು ಉಂಡೆವು. ಇದನ್ನು ಯಾರಿಗಾದರೂ ಹೇಳಿದರೆ, ಮಕ್ಕಳಿಗೆ ಅಂಥದ್ದನ್ನೆಲ್ಲ ಕಲಿಸಬಾರದಿತ್ತು ಎನ್ನುತ್ತಾರೆ. ಇರಬಹುದು. ನಮಗೆ ನೀರಾವರಿ ಹೊಲ ಬರಲಿಲ್ಲ, ಅವ್ವನ ಹೆಬ್ಬೆರಳ ಸಂದು ರೊಟ್ಟಿ ಬಡಿದು ಬಡಿದು ಊದಿಕೊಂಡಿತು, ತಗಡಿನ ಮನೆ ಬಿಡಲು ಮತ್ತೆಷ್ಟೋ ವರ್ಷ ಹಿಡಿಯಿತು. ಆದರೆ ಆ ಹೋಳಿಗೆಯ ರುಚಿ ನನಗೆ ಬೇರೆ ಯಾವ ಹಬ್ಬದಲ್ಲೂ ಸಿಕ್ಕಿಲ್ಲ. ನನ್ನನ್ನು ತುಳಿಯಲು ಬಂದವರನ್ನು ನಾನು ಇಂದಿಗೂ ಕುರ್ಚಿ ಹಾಕಿ ಕೂರಿಸಿ, ಚಹ ಕೊಟ್ಟು, ಆಮೇಲೆ ಇಲ್ಲ ಎನ್ನುತ್ತೇನೆ.

ಉಳಿದದ್ದು ಆ ದಿನದ ಸಂಜೆಯ ಮಾತು. ದೊಡ್ಡಪ್ಪ ಇಳಿದು ಹೋದ ಮೇಲೆ ಅಪ್ಪ ಒಬ್ಬನೇ ಮಡ್ಡಿಯ ಅಂಚಿನಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ. ಅವ್ವ ಊಟಕ್ಕೆ ಕರೆದರೂ ಬರಲಿಲ್ಲ. ಹೊತ್ತು ಮುಳುಗಿತು. ಕೆಳಗೆ ತೋಟದ ಮನೆಯ ಮುಂದೆ ಬಲ್ಬು ಹತ್ತಿತು. ವ್ಯಾಪಾರಸ್ಥರಿಗೆ ಚಾಪೆ ಹಾಸಿ ಊಟಕ್ಕೆ ಕೂರಿಸಿದ್ದರು. ದೊಡ್ಡಪ್ಪ ನಡುವೆ ಓಡಾಡುತ್ತ, ಕೈ ಬೀಸುತ್ತ, ಮಡ್ಡಿಯ ಕಡೆ ತೋರಿಸುತ್ತ ಏನೋ ಹೇಳುತ್ತಿದ್ದ. ಎಲ್ಲರೂ ನಕ್ಕ ಸದ್ದು ಗಾಳಿಯಲ್ಲಿ ಮೇಲೆ ಬಂತು. ಪಾಲಿನ ದಿನದಿಂದ ಒಮ್ಮೆಯೂ ದನಿ ಎತ್ತದ ನನ್ನ ಅಪ್ಪ ಕಲ್ಲಿನಿಂದ ಎದ್ದ. ಗಾಡಿಯ ಹತ್ತಿರ ಬಂದು ಡ್ರೈವರ್ ಬಾಗಿಲು ತೆರೆದ. ಓಡಿಸಲು ಬಾರದವನು ಏನು ಮಾಡುತ್ತಾನೆಂದು ನಾವು ನೋಡುತ್ತ ನಿಂತೆವು. ಗಾಡಿಯ ಮುಖ ತೋಟದ ಕಡೆಗೇ ಇತ್ತು. ಅಪ್ಪ ಒಳಗೆ ಬಾಗಿ ಹೆಡ್‌ಲೈಟ್ ಹಚ್ಚಿದ.

ಕೆಳಗಿನ ಪಂಕ್ತಿ ಪೂರ್ತಿ ಬೆಳ್ಳಗಾಯಿತು. ಉಣ್ಣುತ್ತಿದ್ದವರು ಎಂಜಲು ಕೈಯನ್ನೇ ಕಣ್ಣಿಗೆ ಅಡ್ಡ ಹಿಡಿದರು. ದೊಡ್ಡಪ್ಪ ನಿಂತಲ್ಲಿಂದಲೇ ಮೇಲೆ ನೋಡಿ ಕೂಗಿದ, ಗಾಳಿ ಅವನ ಮಾತನ್ನು ಬೇರೆ ಕಡೆ ಒಯ್ದಿತು. ಅಪ್ಪ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು ನಿಂತ. ಅವನ ಮುಖದಲ್ಲಿ ಅಂಥದ್ದೊಂದನ್ನು ನಾನು ಅದುವರೆಗೆ ನೋಡಿರಲಿಲ್ಲ. ತುಸು ಹೊತ್ತು ಕಳೆದ ಮೇಲೆ ಅವ್ವ ಅವನ ಪಕ್ಕಕ್ಕೆ ಬಂದು ನಿಂತಳು.

"ಬ್ಯಾಟ್ರಿ ಇಳೀತದರಿ," ಅಂದಳು.

"ಇಳೀಲಿ," ಅಂದ ಅಪ್ಪ.